ಆಪರೇಷನ್ ಆದಮೇಲೆ ಡಾಕ್ಟರ್‌ಗೆ ಏನು ಹೇಳೋದು, ಹೇಗೆ ಹೇಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಜಿಕಲ್ ವಾರ್ಡ್‌ನಲ್ಲಿ ನರ್ಸ್ ಆಗಿದ್ದಾಗ ರಾತ್ರಿ ಪಾಳಿಯ ಫೋನ್ ನನ್ನ ಪಾಲಿಗೆ ಬರುತ್ತಿತ್ತು. ಮನೆಗೆ ಹೋದ ರೋಗಿಗಳು ಕರೆ ಮಾಡುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಕೇಳೋದೋ ಬೇಡ್ವೋ ಅಂತ ಬೆಳಗ್ಗೆಯಿಂದ ಒದ್ದಾಡಿ, ಕತ್ತಲಾದ ಮೇಲೆ ಭಯ ಹೆಚ್ಚಾಗಿ ಮಾಡಿದ ಕರೆಗಳು. ಆಮೇಲೊಮ್ಮೆ ನನ್ನದೇ ಪಿತ್ತಕೋಶ ತೆಗೆದರು. ಅಷ್ಟು ಜನಕ್ಕೆ ಧೈರ್ಯ ಹೇಳಿದ್ದ ನಾನೇ ಎರಡನೇ ದಿನ ಫೋನ್ ಕೈಯಲ್ಲಿ ಹಿಡಿದು ಒಂದು ಗಂಟೆ ಸುಮ್ನೆ ಕೂತಿದ್ದೆ. ಜನ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ನಿಮ್ಮ ಡಾಕ್ಟರ್ ಕೊಟ್ಟ ಸೂಚನೆ ಇದಕ್ಕಿಂತ ಬೇರೆ ಇದ್ದರೆ ಅವರು ಹೇಳಿದ್ದನ್ನೇ ಪಾಲಿಸಿ.

## ಮನೆಗೆ ಬಂದ ಮೊದಲ ದಿನಗಳು

"ಇಷ್ಟು ಚಿಕ್ಕ ವಿಷಯಕ್ಕೆ ಫೋನ್ ಮಾಡಿದರೆ ಬೈತಾರೇನೋ?"

ಬೈಸಿಕೊಂಡವರನ್ನು ನಾನು ನೋಡಿದ್ದೇನೆ. ಆದರೆ ಅವರೆಲ್ಲ ನಾಲ್ಕು ದಿನ ಕೀವು ಸೋರಿದ ಮೇಲೆ ಬಂದವರು. ಬೇಗ ಹೇಳಿದರೆ ಮಾತ್ರೆಯಲ್ಲಿ ಮುಗಿಯುವ ಸೋಂಕಿಗೆ, ತಡವಾದರೆ ಗಾಯವನ್ನೇ ಬಿಚ್ಚಿ ತೊಳೆಯಬೇಕಾಗಬಹುದು. ಆಸ್ಪತ್ರೆಯಲ್ಲಿದ್ದಾಗ ಕೆಲವು ಗಂಟೆಗೊಮ್ಮೆ ಯಾರಾದರೂ ಬಂದು ಜ್ವರ, ನಾಡಿ, ಬಿಪಿ ನೋಡುತ್ತಿದ್ದರು ಅಲ್ವಾ? ಡಿಸ್ಚಾರ್ಜ್ ಆದ ದಿನ ಆ ಕೆಲಸ ನಿಮ್ಮ ಕೈಗೆ ಬಂತು. ನೀವು ಕಂಡದ್ದನ್ನು ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

"ಯಾರಿಗೆ ಹೇಳಬೇಕು? ಸರ್ಜನ್‌ಗಾ, ನಮ್ಮ ಮಾಮೂಲಿ ಡಾಕ್ಟರ್‌ಗಾ?"

ಗಾಯ, ಹೊಲಿಗೆ, ಟ್ಯೂಬು, ಜ್ವರ, ಆಪರೇಷನ್ ಆದ ಜಾಗದ ನೋವು, ಇವೆಲ್ಲ ಸರ್ಜನ್ ಕಡೆಗೆ. ಮೊದಲಿಂದ ಇದ್ದ ಬಿಪಿ, ಸಕ್ಕರೆ ಏರುಪೇರಾದರೆ ಮಾಮೂಲಿ ಡಾಕ್ಟರ್. ಅವರಿಗೂ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ.

ಫೋನ್ ಎತ್ತೋದು ಸರ್ಜನ್ ಆಗಿರೋದು ಅಪರೂಪ. ನರ್ಸೋ ಡ್ಯೂಟಿ ಡಾಕ್ಟರೋ ಇರುತ್ತಾರೆ. ಅದಕ್ಕೆ ಬೇಜಾರು ಬೇಡ, ಹತ್ತು ರೋಗಿಗಳ ಇಂಥದ್ದೇ ಗಾಯವನ್ನು ದಿನಾ ನೋಡುವವರು ಅವರೇ. ಹೆಸರು, ಯಾವ ಆಪರೇಷನ್, ಯಾವ ದಿನ, ಮಾಡಿದವರು ಯಾರು, ಇಷ್ಟನ್ನು ಮೊದಲ ಉಸಿರಿನಲ್ಲೇ ಹೇಳಿ. ಫೋನ್ ಇಡುವ ಮುಂಚೆ "ಇದನ್ನು ಡಾಕ್ಟರ್‌ಗೆ ಯಾರು ತಿಳಿಸ್ತೀರಿ? ನನಗೆ ಎಷ್ಟು ಹೊತ್ತಿಗೆ ಉತ್ತರ ಸಿಗುತ್ತೆ?" ಅಂತ ಕೇಳಿ, ಮಾತಾಡಿದವರ ಹೆಸರು ಬರೆದುಕೊಳ್ಳಿ. ಹೇಳಿದ ಹೊತ್ತಿಗೆ ಉತ್ತರ ಬರದಿದ್ದರೆ ಮತ್ತೆ ಮಾಡಿ. ನಮ್ಮ ಮೇಜಿನ ಮೇಲೆ ಚೀಟಿಗಳು ಕಳೆದುಹೋಗುತ್ತಿದ್ದವು, ಒಪ್ಪಿಕೊಳ್ಳುತ್ತೇನೆ.

"ಯಾವುದಕ್ಕೆ ಬೆಳಗಿನವರೆಗೂ ಕಾಯಬಾರದು?"

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ: ಇದು ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು ಆಗಿರಬಹುದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದೇ ಹೆಪ್ಪು ಕಾಲಿನಲ್ಲಿ ಕೂತಿರಬಹುದು. ಮನೆಗೆ ಬಂದು ವಾರಗಳಾದ ಮೇಲೂ ಈ ಅಪಾಯ ಇರುತ್ತದೆ. ಆ ಮೀನಖಂಡವನ್ನು ತಿಕ್ಕುತ್ತಾ ಕೂರಬೇಡಿ. ಕತ್ತಿನ ಆಪರೇಷನ್ ಆದವರಿಗೆ ಕತ್ತು ಬಿಗಿಯಾಗಿ ಉಬ್ಬಿದರೆ, ಉಸಿರು ಕಷ್ಟವಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ವಾಂತಿ ನಿಲ್ಲದಿದ್ದರೆ, ಮೂತ್ರ ಹೋಗದೆ ಆರರಿಂದ ಎಂಟು ಗಂಟೆ ದಾಟಿದರೆ, ಪ್ಲಾಸ್ಟರ್ ಹಾಕಿದ ಕೈಕಾಲಿನ ಬೆರಳು ತಣ್ಣಗಾಗಿ ಮರಗಟ್ಟಿದರೆ ಆಗಲೂ ತಕ್ಷಣ ಹೊರಡಬೇಕು.

ಗಾಯದಿಂದ ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ. ನಡುವೆ ಎತ್ತಿ ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಒತ್ತಿಕೊಂಡೇ ಹೊರಡಿ. ಹೊಟ್ಟೆಯ ಗಾಯ ಬಿಟ್ಟುಕೊಂಡು ಒಳಗಿನದು ಕಂಡರೆ ಒಳಕ್ಕೆ ತಳ್ಳಬೇಡಿ, ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ ಮಲಗಿ, ಆಂಬುಲೆನ್ಸ್ ಕರೆಸಿ. ಈ ಯಾವುದಕ್ಕೂ ಮೊದಲು ಸರ್ಜನ್‌ಗೆ ಫೋನ್ ಮಾಡಿ ಅನುಮತಿ ಪಡೆಯುವುದು ಬೇಡ. ದಾರಿಯಲ್ಲಿ ಮನೆಯವರು ಮಾಡಲಿ.

"ನೋವು ಅಂದರೆ 'ಇರುತ್ತೆ ಬಿಡಿ' ಅಂತಾರೆ. ಹೇಗೆ ಹೇಳಿದರೆ ಕೇಳಿಸಿಕೊಳ್ತಾರೆ?"

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ನೋವು ಎಷ್ಟಿದೆ ಅನ್ನೋದಕ್ಕಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನೋದನ್ನು ಸರ್ಜನ್ ಹುಡುಕುತ್ತಿರುತ್ತಾರೆ. ಆಪರೇಷನ್ ಆದ ಮೇಲೆ ನೋವು ಇದ್ದೇ ಇರುತ್ತದೆ, ಅದು ಅವರಿಗೆ ಸುದ್ದಿಯಲ್ಲ. ದಿನದಿಂದ ದಿನಕ್ಕೆ ಇಳಿಯಬೇಕಾದದ್ದು ಏರುತ್ತಿದೆ ಅಂದರೆ ಅದು ಸುದ್ದಿ.

ಒಂದು ರಾತ್ರಿ ಒಬ್ಬರು ಕರೆ ಮಾಡಿ, "ಸಿಸ್ಟರ್, ಮಂಡಿ ಆಪರೇಷನ್ ಆಗಿದೆ, ತುಂಬಾ ನೋವು" ಅಂದರು. ಮಂಡಿ ಅಂದಮೇಲೆ ನೋವು ಸಹಜ, ಮಾತ್ರೆ ತಗೊಂಡ್ರಾ ಅಂತ ಕೇಳಿದೆ. ತಗೊಂಡೆ ಅಂದರು. ಫೋನ್ ಇಡುವಾಗ, ಯಾವುದೋ ಸಣ್ಣ ವಿಷಯದ ಹಾಗೆ, "ನಿನ್ನೆ ಬಚ್ಚಲಿಗೆ ನಾನೇ ನಡೆದು ಹೋಗಿದ್ದೆ, ಇವತ್ತು ಕಾಲು ಊರೋಕೇ ಆಗ್ತಿಲ್ಲ" ಅಂದರು. ನಾನು ಎದ್ದು ನಿಂತೆ. ಕೇಳುತ್ತಾ ಹೋದರೆ ಮೀನಖಂಡವೂ ಊದಿತ್ತು. ಅವರು ಮೊದಲು ಹೇಳಬೇಕಾಗಿದ್ದು ಕೊನೆಯ ಆ ಮಾತನ್ನು.

ಅದನ್ನೇ ಹೀಗೆ ಹೇಳಬಹುದಿತ್ತು: "ಮಂಡಿ ಆಪರೇಷನ್ ಆಗಿ ಇವತ್ತಿಗೆ ಆರು ದಿನ. ನಿನ್ನೆವರೆಗೂ ನೋವು ಹತ್ತಕ್ಕೆ ನಾಲ್ಕು, ಮಾತ್ರೆ ತಗೊಂಡರೆ ಎರಡಕ್ಕೆ ಇಳೀತಿತ್ತು. ಬೆಳಗ್ಗೆಯಿಂದ ಏಳು, ಮಾತ್ರೆಗೂ ಬಗ್ಗುತ್ತಿಲ್ಲ. ನಿನ್ನೆ ನಡೆದಿದ್ದೆ, ಇವತ್ತು ಕಾಲು ಊರೋಕಾಗ್ತಿಲ್ಲ. ಮೀನಖಂಡ ಊದಿದೆ, ಇನ್ನೊಂದು ಕಾಲು ಸರಿಯಾಗಿದೆ. ರಕ್ತ ಹೆಪ್ಪುಗಟ್ಟಿದೆಯಾ ಅಂತ ಭಯ. ಈಗಲೇ ಬರಬೇಕಾ?" ಓದೋಕೆ ಅರ್ಧ ನಿಮಿಷ ಸಾಕು. ಎಷ್ಟನೇ ದಿನ, ಏನು ಬದಲಾಯಿತು, ಮಾತ್ರೆಗೆ ಹೇಗೆ ಸ್ಪಂದಿಸಿತು, ನಿನ್ನೆ ಮಾಡಿದ್ದ ಯಾವ ಕೆಲಸ ಇವತ್ತು ಆಗುತ್ತಿಲ್ಲ, ಯಾವುದರ ಭಯ, ಏನು ಬೇಕು, ಎಲ್ಲ ಬಂತು.

ನರ್ಸ್‌ಗಳು ರಾತ್ರಿ ಡಾಕ್ಟರ್‌ನ ಎಬ್ಬಿಸುವಾಗಲೂ ಹೆಚ್ಚುಕಮ್ಮಿ ಹೀಗೇ ಹೇಳುತ್ತಾರೆ. ಅದಕ್ಕೆ ಎಸ್‌ಬಿಎಆರ್ ಅಂತ ಹೆಸರು, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ: ಈಗಿನ ಪರಿಸ್ಥಿತಿ, ಹಿನ್ನೆಲೆ, ನಮಗೆ ಏನನ್ನಿಸುತ್ತಿದೆ, ಏನು ಮಾಡಬೇಕು. ತಮಾಷೆ ಅಂದರೆ ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ. ಅಲ್ಲೂ ಸುತ್ತಿ ಬಳಸಿ ಮಾತಾಡಲು ಪುರುಸೊತ್ತಿರಲಿಲ್ಲ.

"ಎಷ್ಟು ಜ್ವರ ಬಂದರೆ ಹೇಳಬೇಕು?"

"ಮೈ ಬಿಸಿ" ಅನ್ನಬೇಡಿ, ಥರ್ಮಾಮೀಟರ್ ಇಟ್ಟು ಅಂಕಿ ಹೇಳಿ. ದೊಡ್ಡ ಆಪರೇಷನ್ ಆದ ಮೊದಲ ಎರಡು ದಿನ ಸಣ್ಣ ಜ್ವರ ಬರೋದು ಸಾಮಾನ್ಯ, ಅದು ದೇಹ ಪೆಟ್ಟಿಗೆ ಸ್ಪಂದಿಸುವ ರೀತಿ. ಮೂರನೇ ದಿನದ ನಂತರ ಹೊಸದಾಗಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೇ ದಿನ ತಿಳಿಸಿ. ಚಳಿ ನಡುಕ ಜೊತೆಗಿದ್ದರೆ ಅಂಕಿ ನೋಡುತ್ತಾ ಕೂರಬೇಡಿ. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ, ಹಾಗಾಗಿ ಮಾತ್ರೆ ನುಂಗುವ ಮುಂಚೆ ಅಳೆಯಿರಿ. ಕ್ಯಾನ್ಸರ್‌ಗೆ ಕೀಮೋ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಕಡಿಮೆ ಇದ್ದರೂ ಸೋಂಕು ದೊಡ್ಡದಿರಬಹುದು. ಅದನ್ನೂ ಜೊತೆಗೇ ಹೇಳಿ.

"ಗಾಯದ ಫೋಟೊ ಕಳಿಸಿದರೆ ಸಾಕಲ್ವಾ?"

ಫೋಟೊ ಒಳ್ಳೆಯದೇ, ಆದರೆ ಸಾಕಾಗುವುದಿಲ್ಲ. ಮೊದಲು ಯಾವ ನಂಬರಿಗೆ ಕಳಿಸಬೇಕು, ಯಾರು ನೋಡುತ್ತಾರೆ ಅಂತ ಕೇಳಿಕೊಳ್ಳಿ. ಕಳಿಸಿದ ಮೇಲೆ ಫೋನ್ ಮಾಡಿ ಹೇಳಿ. ಯಾರೂ ತೆರೆಯದ ಫೋಟೊ ಯಾರಿಗೂ ಉಪಯೋಗವಿಲ್ಲ.

ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದು ದೂರದಿಂದ, ಒಂದು ಹತ್ತಿರದಿಂದ ತೆಗೆಯಿರಿ. ಅಳತೆ ಗೊತ್ತಾಗಲು ಪಕ್ಕದಲ್ಲಿ ಸ್ಕೇಲ್ ಇಡಿ, ಗಾಯಕ್ಕೆ ತಾಗದಂತೆ. ಕೆಂಪು ಎಲ್ಲಿವರೆಗೆ ಇದೆಯೋ ಅದರ ಅಂಚಿಗೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಕೆಲವು ಗಂಟೆ ಬಿಟ್ಟು ನೋಡಿ. ಕೆಂಪು ಆ ಗೆರೆಯನ್ನು ದಾಟಿದ್ದರೆ ಆ ಎರಡನೇ ಫೋಟೊ ನೂರು ಮಾತಿಗಿಂತ ಮೇಲು. ಮೈಬಣ್ಣ ಕಪ್ಪಗಿದ್ದರೆ ಕೆಂಪು ಸರಿಯಾಗಿ ಕಾಣೋದಿಲ್ಲ. ಸುತ್ತಲಿನ ಚರ್ಮ ಇನ್ನೂ ಕಪ್ಪಾಗಿ ಅಥವಾ ನೇರಳೆ ಛಾಯೆಗೆ ತಿರುಗಿದೆಯಾ ನೋಡಿ, ಕೈಬೆನ್ನಿನಿಂದ ಮುಟ್ಟಿ ಬಿಸಿ ಇದೆಯಾ ನೋಡಿ. ಬಿಸಿ, ಗಟ್ಟಿತನ, ವಾಸನೆ ಇವು ಯಾವ ಫೋಟೊದಲ್ಲೂ ಬರೋದಿಲ್ಲ, ಬಾಯಲ್ಲೇ ಹೇಳಬೇಕು.

"ಡ್ರೈನ್ ಟ್ಯೂಬಿನಲ್ಲಿ ಬರೋದರ ಲೆಕ್ಕ ಇಡಬೇಕಾ?"

ಇಡಿ. ಒಳಗೆ ಸೇರುವ ದ್ರವ ಹೊರಗೆ ಬರಲಿ ಅಂತ ಇಟ್ಟ ಟ್ಯೂಬು ಅದು. ದಿನಾ ಒಂದೇ ಹೊತ್ತಿಗೆ ಅಳೆದು, ಎಷ್ಟು ಮಿಲಿ, ಯಾವ ಬಣ್ಣ ಅಂತ ಬರೆಯಿರಿ. ಸಾಮಾನ್ಯವಾಗಿ ಕೆಂಪು ತಿಳಿಯಾಗಿ ಗುಲಾಬಿಯಾಗುತ್ತದೆ, ಆಮೇಲೆ ತಿಳಿ ಹಳದಿ, ಜೊತೆಗೆ ಪ್ರಮಾಣವೂ ಇಳಿಯುತ್ತದೆ. ಹಳದಿಯಾಗಿದ್ದು ಮತ್ತೆ ರಕ್ತದ ಬಣ್ಣಕ್ಕೆ ತಿರುಗಿದರೆ, ದಪ್ಪಗಾಗಿ ವಾಸನೆ ಬಂದರೆ, ಇಲ್ಲಾ ಇದ್ದಕ್ಕಿದ್ದಂತೆ ಪೂರ್ತಿ ನಿಂತರೆ ಫೋನ್ ಮಾಡಿ. ಟ್ಯೂಬು ಯಾವಾಗ ತೆಗೆಯಬೇಕು ಅನ್ನೋದನ್ನು ನಿಮ್ಮ ಈ ಲೆಕ್ಕ ನೋಡಿಯೇ ತೀರ್ಮಾನಿಸುತ್ತಾರೆ.

"ಆಪರೇಷನ್ ಆಗಿದ್ದು ಹೊಟ್ಟೆಗೆ, ನೋಯ್ತಿರೋದು ಭುಜ. ಇದನ್ನೂ ಹೇಳಬೇಕಾ?"

ನಾನು ಒಂದು ಗಂಟೆ ಫೋನ್ ಹಿಡಿದು ಕೂತಿದ್ದು ಇದಕ್ಕೇ. ಕಾರಣ ಗೊತ್ತಿತ್ತು, ಆದರೂ ಭಯ. ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್‌ನಲ್ಲಿ, ಹೊಟ್ಟೆಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಉಬ್ಬಿಸುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರವೂ ಭುಜದ ನರಗಳೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುವುದರಿಂದ ನೋವು ಭುಜದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಏದುಸಿರು ಅಥವಾ ಎದೆನೋವು ಜೊತೆಗಿದ್ದರೆ ಮಾತ್ರ ಗ್ಯಾಸ್ ಅಂತ ಸುಮ್ಮನಾಗಬಾರದು.

ಸಂಬಂಧ ಇದೆಯೋ ಇಲ್ಲವೋ ಅನ್ನೋದನ್ನು ನೀವೇ ತೀರ್ಮಾನಿಸಬೇಡಿ. ಥೈರಾಯ್ಡ್ ತೆಗೆದ ಮೇಲೆ ತುಟಿ, ಬೆರಳ ತುದಿ ಜುಮ್ ಅಂದರೆ ಕ್ಯಾಲ್ಸಿಯಂ ಇಳಿದಿರಬಹುದು. ಕತ್ತಿಗೂ ಬೆರಳಿಗೂ ಏನು ಸಂಬಂಧ ಅಂತ ಎರಡು ದಿನ ಹೇಳದೇ ಇದ್ದವರನ್ನು ನೋಡಿದ್ದೇನೆ.

## ಚೆಕಪ್ ದಿನ

"ಒಳಗೆ ಹೋದ ತಕ್ಷಣ ಎಲ್ಲ ಮರೆತುಹೋಗುತ್ತೆ"

ನಿಮ್ಮ ತಪ್ಪಷ್ಟೇ ಅಲ್ಲ. 1984ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕಿದ್ದು ಕಂಡುಬಂತು. ಹಾಗಾಗಿ ಅತಿ ಮುಖ್ಯವಾದದ್ದು ಮೊದಲ ವಾಕ್ಯದಲ್ಲೇ ಬರಲಿ. "ಡಾಕ್ಟ್ರೇ, ಮೂರು ವಿಷಯ ಇದೆ. ಮೊದಲನೆಯದು ಗಾಯ ಸೋರ್ತಿದೆ." ಮೂರು ಅಂತ ಮೊದಲೇ ಹೇಳಿದರೆ ಒಂದಕ್ಕೇ ಎಬ್ಬಿಸಿ ಕಳಿಸೋದು ಕಷ್ಟ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಗಂಟಲು ಕಟ್ಟಿದರೆ ಚೀಟಿಯನ್ನೇ ಅವರ ಕೈಗೆ ಕೊಡಿ. ಬಾಗಿಲ ಹಿಡಿ ಹಿಡಿದುಕೊಂಡು "ಇನ್ನೊಂದು ವಿಷಯ..." ಅಂತ ಶುರುವಾಗುವ ಮಾತೇ ಎಷ್ಟೋ ಸಲ ಅಸಲಿ ವಿಷಯ. ಅದು ಚೀಟಿಯ ಮೊದಲ ಸಾಲಿನಲ್ಲಿರಲಿ.

"ಮಲ, ಮೂತ್ರ, ದಾಂಪತ್ಯ... ಇದನ್ನೆಲ್ಲ ಹೇಗೆ ಕೇಳೋದು?"

ಹೊಟ್ಟೆಯ ಆಪರೇಷನ್ ಆದವರಿಗೆ ಗ್ಯಾಸ್ ಹೋಯಿತು ಅಂದರೆ ರೌಂಡ್ಸಿಗೆ ಬಂದ ಇಡೀ ತಂಡದ ಮುಖ ಅರಳುತ್ತದೆ. ಕರುಳು ಕೆಲಸ ಶುರುಮಾಡಿದೆ ಅನ್ನೋದರ ಗುರುತು ಅದು. ಇಂಥವರ ಮುಂದೆ ಸಂಕೋಚ ಯಾಕೆ? ಬಲವಾದ ನೋವಿನ ಮಾತ್ರೆಗಳು, ಅದರಲ್ಲೂ ಮಾರ್ಫಿನ್ ಜಾತಿಯವು, ಕರುಳನ್ನು ನಿಧಾನ ಮಾಡುತ್ತವೆ. ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಕೇಳಿ, ತಿಣುಕಿ ಹೊಲಿಗೆಗೆ ಕುತ್ತು ತರಬೇಡಿ. ದಾಂಪತ್ಯದ ವಿಷಯಕ್ಕೆ "ಕೇಳೋಕೆ ಮುಜುಗರ ಆಗ್ತಿದೆ, ಆದರೂ ಕೇಳ್ತೀನಿ" ಅನ್ನೋ ಒಂದೇ ಮಾತು ದಾರಿ ಬಿಡಿಸುತ್ತದೆ. ಹೆಂಗಸರ ಹತ್ತಿರ ಅಥವಾ ಗಂಡಸರ ಹತ್ತಿರವೇ ಮಾತಾಡಬೇಕು ಅನ್ನಿಸಿದರೆ ಹಾಗೆ ಕೇಳಿಕೊಳ್ಳುವುದರಲ್ಲೂ ತಪ್ಪಿಲ್ಲ.

"ಹೇಳಿದ ಮಾತ್ರೆ ಸರಿಯಾಗಿ ತಗೊಂಡಿಲ್ಲ. ಒಪ್ಪಿಕೊಳ್ಳಬೇಕಾ?"

ಒಪ್ಪಿಕೊಳ್ಳಿ, ದಯವಿಟ್ಟು. ನೀವು ತೆಗೆದುಕೊಂಡಿದ್ದೀರಿ ಅಂತ ನಂಬಿದ ಡಾಕ್ಟರ್, ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಇನ್ನೂ ಬಲವಾದದ್ದನ್ನು ಬರೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟಿದ್ದರೆ ಅದು ಗೊತ್ತಾಗಲೇಬೇಕು. ತಾವಾಗಿಯೇ ಅಂಗಡಿಯಿಂದ ತಂದದ್ದನ್ನೂ, ಗಿಡಮೂಲಿಕೆಯನ್ನೂ ಹೇಳಿ. ಶೀತಕ್ಕೆ, ತಲೆನೋವಿಗೆ ಕೊಡುವ ಎಷ್ಟೋ ಮಾತ್ರೆಗಳ ಒಳಗೆ ಪ್ಯಾರಾಸಿಟಮಾಲ್ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ, ಮೇಲ್ಮಿತಿ. ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಸಿಗರೇಟು ಮತ್ತೆ ಶುರುವಾಗಿದ್ದರೆ ಅದನ್ನೂ ಹೇಳಿ, ನಿಕೋಟಿನ್ ರಕ್ತನಾಳ ಕುಗ್ಗಿಸುವುದರಿಂದ ಗಾಯ ಮಾಯೋದು ತಡವಾಗುತ್ತದೆ.

"ಡಾಕ್ಟರ್ ಹೇಳಿದ್ದು ಅರ್ಥ ಆಗಲಿಲ್ಲ, ತಲೆ ಅಲ್ಲಾಡಿಸಿ ಬಂದೆ"

ಮುಂದಿನ ಸಲ "ನನಗೆ ಅರ್ಥವಾಗಿದ್ದು ಹೇಳ್ತೀನಿ, ತಪ್ಪಿದ್ದರೆ ತಿದ್ದಿ" ಅಂತ ಶುರುಮಾಡಿ. ತಿದ್ದದೇ ಇರುವ ಡಾಕ್ಟರ್ ಇಲ್ಲ.

"ಅಮ್ಮ ಆಪರೇಷನ್ ಆದಮೇಲೆ ಏನೇನೋ ಮಾತಾಡ್ತಿದ್ದಾರೆ. ವಯಸ್ಸಾಯ್ತಲ್ಲ ಅಂತಾರೆ"

ವಯಸ್ಸು ಮೊನ್ನೆಯೂ ಅಷ್ಟೇ ಇತ್ತಲ್ಲ? ವಯಸ್ಸಾದವರಿಗೆ ಆಪರೇಷನ್ ಆದ ಮೊದಲ ಕೆಲವು ದಿನ ಇದ್ದಕ್ಕಿದ್ದಂತೆ ಗೊಂದಲ ಕವಿಯುವುದಕ್ಕೆ ಡೆಲಿರಿಯಂ ಅನ್ನುತ್ತಾರೆ. ಒಂದು ಹೊತ್ತು ಸರಿ ಇರುತ್ತಾರೆ, ಇನ್ನೊಂದು ಹೊತ್ತು ಮನೆಯವರನ್ನೇ ಗುರುತಿಸೋದಿಲ್ಲ, ರಾತ್ರಿ ಜಾಸ್ತಿ. ಕೆಲವರು ಕೂಗಾಡದೆ ಸುಮ್ಮನೆ ಮಂಕಾಗಿ ಮಲಗಿರುತ್ತಾರೆ, ಅದು ಕಣ್ಣಿಗೆ ಬೀಳೋದೇ ಕಷ್ಟ. ಇದರ ಹಿಂದೆ ಸೋಂಕು, ಮೂತ್ರ ಕಟ್ಟಿರುವುದು, ನೀರು ಕಡಿಮೆಯಾಗಿರುವುದು, ಯಾವುದೋ ಮಾತ್ರೆ, ಹೀಗೆ ಸರಿಪಡಿಸಬಹುದಾದ ಕಾರಣ ಇರಬಹುದು.

ಇಲ್ಲಿ ನಿಮ್ಮ ಒಂದು ಮಾತಿಗೆ ತುಂಬಾ ಬೆಲೆ: "ಅಮ್ಮ ಮೊದಲು ಹೀಗಿರಲಿಲ್ಲ." ವಾರ್ಡಿನವರು ಅವರನ್ನು ನೋಡಿದ್ದೇ ಮೊನ್ನೆಯಿಂದ, ಅವರಿಗೆ ಹೋಲಿಸಲು ಏನೂ ಇಲ್ಲ. ಆಪರೇಷನ್‌ಗೆ ಹಿಂದಿನ ದಿನ ಅಮ್ಮ ಏನು ಮಾಡುತ್ತಿದ್ದರು, ಪೇಪರ್ ಓದುತ್ತಿದ್ದರೋ, ಲೆಕ್ಕ ಬರೆಯುತ್ತಿದ್ದರೋ, ಅದನ್ನೇ ಹೇಳಿ. ಕನ್ನಡಕ, ಕಿವಿಯ ಮೆಷಿನ್ ಹಾಕಿಕೊಡಿ. ಕಾಣದೆ, ಕೇಳದೆ ಗೊಂದಲ ಇನ್ನೂ ಹೆಚ್ಚುತ್ತದೆ.

"ಗಾಯ ವಾಸಿಯಾಗಿದೆ, ಮನಸ್ಸು ಸರಿಯಿಲ್ಲ. ಇದನ್ನು ಸರ್ಜನ್‌ಗೆ ಹೇಳೋದಾ?"

ಹೇಳಿ. ಅಳು, ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಅದಕ್ಕೂ ಚಿಕಿತ್ಸೆ ಇದೆ. ಸರ್ಜನ್ ಕೊಡದಿದ್ದರೂ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ಬದುಕು ಸಾಕು ಅನ್ನಿಸಿದರೆ ಎರಡು ವಾರ ಎಣಿಸಬೇಡಿ, ಇವತ್ತೇ ಯಾರಿಗಾದರೂ ಹೇಳಿ, ಹತ್ತಿರದ ಎಮರ್ಜೆನ್ಸಿಗಾದರೂ ಹೋಗಿ.

## ಕಷ್ಟದ ಮಾತುಗಳು

"ರಿಪೋರ್ಟ್ ಎಲ್ಲ ನಾರ್ಮಲ್ ಅಂತಾರೆ, ನೋವು ಮಾತ್ರ ಹೋಗಿಲ್ಲ"

ನಾರ್ಮಲ್ ಅಂದರೆ ಆ ಪರೀಕ್ಷೆ ಹುಡುಕಿದ್ದು ಸಿಗಲಿಲ್ಲ ಅಂತ ಅಷ್ಟೇ. "ಈ ಸ್ಕ್ಯಾನ್‌ನಿಂದ ಏನೇನು ಇಲ್ಲ ಅಂತ ಗೊತ್ತಾಯ್ತು? ಇನ್ನೇನು ಇರಬಹುದು?" ಅಂತ ಕೇಳಿ. ಗಾಯದ ಕಲೆ ಒಳಗೊಳಗೇ ಮಾಗಲು ಒಂದು ವರ್ಷವೂ ಹಿಡಿಯುತ್ತದೆ. ಕತ್ತರಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಹಾಗಾಗಿ ಎಷ್ಟೋ ಸಲ ಉತ್ತರ ಕಾಯುವುದೇ ಆಗಿರುತ್ತದೆ. ಆದರೆ ಮೂರು ತಿಂಗಳು ದಾಟಿಯೂ ಉಳಿದ ನೋವಿಗೆ ವೈದ್ಯಕೀಯದಲ್ಲಿ ಬೇರೆಯೇ ಹೆಸರಿದೆ, ಅದನ್ನೇ ನೋಡುವ ತಜ್ಞರಿದ್ದಾರೆ. "ನೋವಿನ ತಜ್ಞರ ಹತ್ತಿರ ಕಳಿಸ್ತೀರಾ?" ಅಂತ ನೇರವಾಗಿ ಕೇಳಿ.

ನೋವಿನ ಬಗೆಯನ್ನೂ ಹೇಳಿ. ಉರಿ, ಕರೆಂಟ್ ಹೊಡೆದಂತೆ, ಬಟ್ಟೆ ತಾಗಿದರೂ ನೋವು ಅಂದರೆ ಅದು ನರದ ನೋವಿನ ಲಕ್ಷಣ, ಅದಕ್ಕೆ ಕೊಡುವ ಔಷಧವೇ ಬೇರೆ. ಬರೀ "ನೋವು" ಅಂದರೆ ಹಳೇ ಮಾತ್ರೆಯೇ ಮತ್ತೆ ಬರುತ್ತದೆ.

"ಏನೋ ತಪ್ಪಾಗಿದೆ ಅನ್ನಿಸ್ತಿದೆ. ಜಗಳ ಆಗದ ಹಾಗೆ ಕೇಳೋದು ಹೇಗೆ?"

ತೊಡಕು ಬೇರೆ, ತಪ್ಪು ಬೇರೆ. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಸೋಂಕು ಬರುತ್ತದೆ, ರಕ್ತ ಸೋರುತ್ತದೆ. ಸರ್ಜನ್‌ಗಳೇ ತೊಡಕುಗಳನ್ನು ದರ್ಜೆ ಹಾಕಿ ಎಣಿಸುತ್ತಾರೆ. 2004ರಿಂದ ಬಳಕೆಯಲ್ಲಿರುವ ಕ್ಲೇವಿಯನ್–ಡಿಂಡೊ ಪಟ್ಟಿಯಲ್ಲಿ ಐದು ದರ್ಜೆಗಳಿವೆ, ಮೊದಲನೆಯದು ವಿಶೇಷ ಚಿಕಿತ್ಸೆ ಬೇಡದ ಸಣ್ಣದು, ಐದನೆಯದು ಸಾವು. ಅಂದರೆ ತೊಡಕಿನ ಬಗ್ಗೆ ಕೇಳುವುದು ಅವಮಾನದ ಮಾತಲ್ಲ, ಅವರ ನಿತ್ಯದ ಮಾತು.

ಓಪಿಡಿಯ ಗದ್ದಲದಲ್ಲಿ ನಿಂತು ಕೇಳಬೇಡಿ. ಇದಕ್ಕೇ ಅಂತ ಬೇರೆ ಸಮಯ ಕೇಳಿಕೊಳ್ಳಿ, ತಣ್ಣಗೆ ಕೂತು ಬರೆದುಕೊಳ್ಳುವ ಒಬ್ಬರನ್ನು ಕರೆದುಕೊಂಡು ಹೋಗಿ. "ಯಾರ ತಪ್ಪು?" ಅಂತ ಶುರುವಾದರೆ ಎದುರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. "ಆಪರೇಷನ್ ದಿನ ಏನಾಯ್ತು ಅಂತ ಮೊದಲಿಂದ ಹೇಳ್ತೀರಾ? ಇದು ನಿರೀಕ್ಷೆ ಮಾಡಿದ್ದಾ? ಮುಂದೇನು?" ಅಂದರೆ ಮಾತು ಸಾಗುತ್ತದೆ. "ಇದು ನಾನು ಅಂದುಕೊಂಡ ಹಾಗೆ ಆಗಲಿಲ್ಲ" ಅನ್ನುವ ಸರ್ಜನ್‌ನ ನಾನು ಜಾಸ್ತಿ ನಂಬುತ್ತೇನೆ, ನಕ್ಕು ತಳ್ಳಿಹಾಕುವವರನ್ನು ಕಡಿಮೆ. ಉತ್ತರ ಸಿಗದಿದ್ದರೆ ನಿಮ್ಮ ದಾಖಲೆಗಳ ಪ್ರತಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಆಸ್ಪತ್ರೆಯಲ್ಲಿ ದೂರು ಕೇಳುವವರು ಯಾರು ಅಂತ ವಿಚಾರಿಸಿ.

"ಬೇರೆ ಡಾಕ್ಟರ್‌ಗೆ ತೋರಿಸಿದರೆ ಇವರಿಗೆ ಬೇಜಾರಾಗುತ್ತಾ?"

ಕೆಲವರಿಗೆ ಆಗುತ್ತದೆ, ಆಗಲಿ. ಮುಚ್ಚಿಟ್ಟು ಹೋಗುವುದಕ್ಕಿಂತ "ಇನ್ನೊಬ್ಬರ ಅಭಿಪ್ರಾಯ ಕೇಳಬೇಕು ಅನ್ನಿಸಿದೆ, ಕಾಗದಪತ್ರ ಕೊಡ್ತೀರಾ?" ಅಂತ ಹೇಳಿಯೇ ಹೋಗಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಒಳಗೆ ಏನು ಕಂಡಿತು, ಏನು ಮಾಡಿದರು ಅಂತ ಸರ್ಜನ್ ಬರೆದಿಡುವ ಆಪರೇಷನ್ ನೋಟ್ಸ್, ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್, ಸ್ಕ್ಯಾನಿನ ಚಿತ್ರಗಳು ಬೇಕು. ಇವಿಲ್ಲದೆ ಹೊಸಬರು ಬರೀ ಊಹೆ ಮಾಡಬೇಕಾಗುತ್ತದೆ.

"ಎಲ್ಲ ಸರಿಹೋಯ್ತು. ಇನ್ನು ಕೇಳೋದೇನಾದರೂ ಉಳಿದಿದೆಯಾ?"

ಎರಡು ಉಳಿದಿರುತ್ತವೆ. ಒಳಗೆ ರಾಡು, ಜಾಲರಿ, ಕೃತಕ ಕೀಲು ಏನಾದರೂ ಇಟ್ಟಿದ್ದರೆ ಅದರ ಹೆಸರು, ನಂಬರ್ ಇರುವ ಸ್ಟಿಕ್ಕರ್ ಅಥವಾ ಕಾರ್ಡ್ ಕೇಳಿ ಪಡೆಯಿರಿ. ಎಂಆರ್‌ಐ ಮಾಡಿಸುವ ದಿನ ಅದನ್ನು ಕೇಳುತ್ತಾರೆ. ಅರಿವಳಿಕೆ ಕೊಟ್ಟಾಗ ವಿಪರೀತ ವಾಂತಿ, ಅಲರ್ಜಿ, ಉಸಿರಿನ ಟ್ಯೂಬು ಹಾಕಲು ಕಷ್ಟ, ಹೀಗೆ ಏನಾದರೂ ಆಗಿತ್ತಾ ಅಂತಲೂ ಕೇಳಿ ಬರೆಸಿಕೊಳ್ಳಿ. ಆ ಹಾಳೆಯ ಫೋಟೊ ಫೋನಿನಲ್ಲಿರಲಿ, ಅಸಲು ಮನೆಯ ಕಾಗದಪತ್ರದ ಫೈಲಿನಲ್ಲಿ.